ಏಳಡಿ

ಹೊಸ ಕ್ಯಾಮೆರಾ ಮೊದಲು ಒಪ್ಪಲಿಲ್ಲ.
'ಲೆನ್ಸ್ ಜೋಡಿಸಿಲ್ಲ' ಅಂತ ಪರದೆಯ ಮೇಲೆ ಬರೆದು
ಸುಮ್ಮನೆ ಕೂತಿತು.
ಅರ್ಧ ಕೇಜಿ ಗಾಜು, ಲೋಹ
ಅದರ ಮೂತಿಗೇ ಕಚ್ಚಿಕೊಂಡಿದ್ದರೂ
ಇಲ್ಲ ಅಂದರೆ ಇಲ್ಲ.
ಮೆನುವಿನ ಹನ್ನೊಂದನೇ ಪುಟದಲ್ಲೆಲ್ಲೋ
'ಲೆನ್ಸ್ ಇಲ್ಲದಿದ್ದರೂ ತೆಗೆ' ಅನ್ನುವ ಅಪ್ಪಣೆಯಿತ್ತು.
ಒತ್ತಿದೆ. ತೆಗೆಯಿತು.

ಇದು ಅರಸೀಕೆರೆಯ ಚಂದ್ರಪ್ರಭ ಸ್ಟುಡಿಯೋದ ಕಣ್ಣು.
ಪಾರೀಶಯ್ಯನವರು ಹೋಗಿ ಒಂಬತ್ತು ವರ್ಷ.
ಸೊಸೆ ಪದ್ಮಲತಾ
ಕೆಂಪು ವೆಲ್ವೆಟ್ಟಿನ ಚೂರಲ್ಲಿ ಸುತ್ತಿದ್ದನ್ನು ಟ್ರಂಕಿನ ತಳದಿಂದ ತೆಗೆದು
'ಇದೂ ನಿಮ್ಮ ಕೆಲಸಕ್ಕೆ ಬರತ್ತಾ ನೋಡಿ' ಅಂದಾಗ
ನನಗೆ ಕಂಡಿದ್ದು ಅದರ ಅಂಚಿನ ಒಂದೇ ಅಂಕಿ:
ಒಂದು ಪಾಯಿಂಟ್ ಎರಡು.
ಬೀಡಿಯ ಬೆಂಕಿಯಲ್ಲೂ ಮುಖ ಹಿಡಿಯುವಷ್ಟು
ಅಗಲ ತೆರೆಯುವ ಕಣ್ಣು.
'ಎಂಟುನೂರು?' ಅಂದರು, ಅನುಮಾನದಲ್ಲಿ.
ಸಾವಿರದೈನೂರು ಕೊಟ್ಟೆ. ಆದರೂ ಕದ್ದವಳ ಹಾಗೆ
ಬೇಗ ಬೇಗ ಮೆಟ್ಟಿಲಿಳಿದೆ.

ಗಾಜು ಚಹಾದ ಬಣ್ಣಕ್ಕೆ ತಿರುಗಿತ್ತು,
ಒಳಗೆ ಬೂಷ್ಟು, ಜೇಡನ ಕಾಲಿನಂತೆ.
ಪೇಟೆ ಬೀದಿಯ ವಾಚ್ ರಿಪೇರಿ ಗೌಸ್ ಸಾಬರು
ಉಸಿರು ಹಿಡಿದು ಬಿಚ್ಚಿ, ಒರೆಸಿ,
ಹಪ್ಪಳ ಒಣಹಾಕಿದ ಹಾಗೆ ಗಾಜುಗಳನ್ನು ಸಾಲಾಗಿಟ್ಟು
'ಬೂಷ್ಟು ಹೋಯ್ತಮ್ಮ. ಹಳದಿ ನನ್ನ ಕೈಲಾಗದ್ದು,
ಬಿಸಿಲನ್ನ ಕೇಳು' ಅಂದರು.
ಕೇಳಿದೆ. ತಾರಸಿಯಲ್ಲಿ, ಕೊಬ್ಬರಿ ಒಣಗುವ ಚಾಪೆಯ ಪಕ್ಕ,
ಕಾಗೆಗೆ ಹೆದರಿ ಸೊಳ್ಳೆಪರದೆಯ ತುಂಡು ಹೊದಿಸಿ,
ಇಪ್ಪತ್ತಾರು ದಿನ.
ಚಹಾ ಪಾನಕವಾಯಿತು, ಆಮೇಲೆ ನೀರು.

ಮದುವೆಗಳಲ್ಲಿ ನನ್ನ ಇನ್ನೊಂದು ಲೆನ್ಸು
ತಾನೇ ಕಣ್ಣು ಹುಡುಕುತ್ತದೆ.
ಮದುಮಗಳು ಜರುಗಿದರೆ ಹಸಿರು ಚೌಕವೂ ಜರುಗುತ್ತದೆ,
ಬಾಕಿ ವಸೂಲಿಗೆ ಬಂದವನ ಹಾಗೆ.
ನಾನು ಗುಂಡಿ ಒತ್ತುವ ಬೆರಳು, ಅಷ್ಟೆ.
ಇಲ್ಲಿ ಉಂಗುರ ತಿರುಗಿಸಬೇಕು.
ಹಳೇ ಗ್ರೀಸು ಜೇನಿನ ಹಾಗೆ ತಡೆದು ತಡೆದು ಬಿಡುತ್ತದೆ.
ರೆಪ್ಪೆ ಚೊಕ್ಕವಾದರೆ ಮೂಗು ಮಂಜು.
ಒಂದುಸಿರು ಮುಂದೆ, ಅರ್ಧ ಉಸಿರು ಹಿಂದೆ
ನಾನೇ ತೂಗಬೇಕು,
ಪರದೆಯಲ್ಲಿ ಕೆಂಪು ಚುಕ್ಕೆಗಳು ಇರುವೆಗಳಂತೆ ಹರಿದು
ಬೇಕಾದ ಅಂಚಿಗೆ ಮುತ್ತುವ ತನಕ.
ಮೊದಲ ನೂರರಲ್ಲಿ ತೊಂಬತ್ತು ಮಬ್ಬು.
ರಾತ್ರಿ ಎರಡನೇ ಪ್ಲಾಟ್‌ಫಾರಂನಲ್ಲಿ
ಮಲಗಿದ ಕೂಲಿಯ ಕೆನ್ನೆಗೆ ಗುರಿಯಿಟ್ಟರೆ
ಚೂಪಾಗಿ ಸಿಕ್ಕಿದ್ದು ತೋಳಿನ ಬಿಲ್ಲೆಯ ನಂಬರು;
ಹುಬ್ಬಳ್ಳಿ ದಿಕ್ಕಿನ ಸಿಗ್ನಲ್ಲುಗಳು
ಬತ್ತಾಸಿನಂತೆ ಊದಿಕೊಂಡು ತೇಲಿದವು.

ಉಂಗುರದಲ್ಲಿ ಏಳಡಿಯ ಗುರುತಿನ ಮೇಲೆ
ಒಂದು ಚುಕ್ಕೆ ಉಗುರುಬಣ್ಣ. ಗುಲಾಬಿ.
ಪದರದ ಮೇಲೆ ಪದರ, ಬೆರಳಿಗೆ ಮೊಡವೆಯಂತೆ ತಾಗುತ್ತದೆ.
ಪದ್ಮಲತಾ ನಕ್ಕರು. 'ನನ್ನದೇ ಬಾಟಲಿ.
ಅಂಗಡಿ ಮುಚ್ಚೋಕೆ ಮುಂಚೆ ಆರು ವರ್ಷ
ಮಾವನಿಗೆ ಎರಡೂ ಕಣ್ಣಿಗೆ ಪೊರೆ.
ಆಪರೇಷನ್ ಅಂದರೆ ಸಿಡುಕೋರು.
ನೆಲಕ್ಕೆ ಎರಡು ಹಿತ್ತಾಳೆ ಮೊಳೆ ಹೊಡೆಸಿದ್ದರು,
ಒಂದು ಸ್ಟೂಲಿಗೆ, ಒಂದು ಸ್ಟ್ಯಾಂಡಿಗೆ.
ಬಂದವರಿಗೆಲ್ಲ ಒಂದೇ ಮಾತು: ಸ್ಟೂಲು ಸರಿಸಬೇಡಿ.
ಕತ್ತಲೆ ಕೋಣೆ ಕೆಲಸವೆಲ್ಲ ನಂದು. ಯಾರಿಗೂ ಗೊತ್ತಾಗಲಿಲ್ಲ.'

ಹಾಲ್ ಟಿಕೆಟ್ಟು, ಪಾಸ್‌ಬುಕ್ಕು, ಗಂಡಿನ ಕಡೆಗೆ ಕಳಿಸುವ ಫೋಟೋ.
ಅರ್ಧ ಊರು ಕೂತಿತ್ತು
ಕಾಣದವರ ಎದುರು, ಏಳಡಿ ದೂರ, ಉಸಿರು ಬಿಗಿಹಿಡಿದು.
ನನ್ನ ಎಸ್ಸೆಸ್ಸೆಲ್ಸಿ ಫೋಟೋದಲ್ಲಿ
ಈಗಲೂ ರೆಪ್ಪೆ ಎಣಿಸಬಹುದು.

ಸ್ಟುಡಿಯೋ ಈಗ ಜೆರಾಕ್ಸ್ ಅಂಗಡಿ.
ಕಾಗದದ ಬಂಡಲುಗಳ ನಡುವೆ, ಗಾರೆಯಲ್ಲಿ,
ಮೊಳೆಗಳು ಹಾಗೇ ಇವೆ, ತುಳಿದು ತುಳಿದು ಹೊಳೆಯುತ್ತ.
ಪ್ಲಾಸ್ಟಿಕ್ ಕುರ್ಚಿ ಎಳೆದು ಪದ್ಮಲತಾರನ್ನು ಕೂರಿಸಿದೆ.
ಪರದೆ ನೋಡಲಿಲ್ಲ. ಗುಲಾಬಿ ಗಂಟು ಬೆರಳಿಗೆ ತಾಗುವವರೆಗೆ
ತಿರುಗಿಸಿ, ಒತ್ತಿದೆ.

ಅವರು ಎಂಟಕ್ಕೆ ಕಿರಿದು ಮಾಡಿ ತೆಗೆಯುತ್ತಿದ್ದರಂತೆ,
ತಪ್ಪಿಗೆ ಒಂದಷ್ಟು ಜಾಗ ಬಿಟ್ಟು.
ನಾನು ಪೂರಾ ತೆರೆದಿದ್ದೆ. ದುರಾಸೆ.
ಅದೇ ಹೊತ್ತಿಗೆ ಆಕೆ ಏನನ್ನೋ ನೆನೆದು
ಅರ್ಧ ಗೇಣು ಮುಂದೆ ಬಾಗಿದ್ದರು.
ಕಿವಿಯ ಓಲೆ, ಹಿಂದೆ ಒಂದು ನರೆಗೂದಲು ಚೊಕ್ಕ.
ಮುಖದ ಮೇಲೆ ತೆಳ್ಳಗೆ ಪೊರೆ.

ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.
'ಸ್ಟೂಲು ಸರಿಸಿಬಿಟ್ಟೆ ಅಲ್ವಾ' ಅಂದರು.
ಕುರ್ಚಿಯ ಕಾಲನ್ನು ತಾವೇ ಮೊಳೆಗೆ ತಾಗಿಸಿಕೊಂಡು
'ಇನ್ನೊಂದು ತೆಗಿಯೇ.'